ಚೌಡಿಯ ಬಾಯಲ್ಲಿ ಟ್ರಾಫಿಕ್ ರೂಲ್ಸು

ನಮ್ಮ ಅತ್ತೆಮ್ಮನ ಮೈಮೇಲೆ ಚೌಡಿ ಬಂದಿದ್ದಳು ಎಂದು ಕೊಪ್ಪದಿಂದ ಎನ್.ಆರ್.ಪುರದವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಬಸ್‌ಸ್ಟ್ಯಾಂಡಿನ ಹೋಟೆಲಿನವರು ಹೇಳುತ್ತಾರೆ, ಜೀಪಿನ ಡ್ರೈವರುಗಳು ಹೇಳುತ್ತಾರೆ. ಆ ದಿನ ಊರಲ್ಲೇ ಇಲ್ಲದೆ ಶೃಂಗೇರಿಯ ಮಗಳ ಮನೆಯಲ್ಲಿ ಕಾಲು ಚಾಚಿ ಕೂತಿದ್ದವರು ಎಲ್ಲರಿಗಿಂತ ವಿವರವಾಗಿ ಹೇಳುತ್ತಾರೆ. ಕಣ್ಣು ಕೆಂಡದ ಹಾಗಿತ್ತಂತೆ. ದನಿ ಗಂಡಸಿನದಾಗಿತ್ತಂತೆ. ತುರುಬು ತನ್ನಷ್ಟಕ್ಕೆ ತಾನೇ ಬಿಚ್ಚಿಕೊಂಡಿತಂತೆ!

ನಾನು ಅಲ್ಲೇ ಇದ್ದೆ, ಕೈಗೆಟಕುವಷ್ಟು ಹತ್ತಿರ. ಕಣ್ಣು ಕೆಂಪಗಿದ್ದದ್ದು ಹೌದು, ಅತ್ತೆಮ್ಮನಿಗೆ ನೆಗಡಿಯಾಗಿತ್ತು. ದನಿ ಗಂಡಸಿನದೇ, ಅದು ಹುಟ್ಟಿದಾಗಿನಿಂದ ಹಾಗೇ ಇದೆ, ಫೋನಿನಲ್ಲಿ ಅರ್ಧ ತಾಲ್ಲೂಕು ಅವರನ್ನು ‘ಸಾರ್’ ಎಂದೇ ಕರೆಯುತ್ತದೆ. ಇನ್ನು ತುರುಬು. ಅತ್ತೆಮ್ಮನ ತುರುಬು ಯಾವತ್ತು ನಿಂತಿತ್ತು, ಆ ದಿನ ಬಿಚ್ಚಿಕೊಳ್ಳುವುದಕ್ಕೆ?

ನಾನು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಪಳಗಿದವಳು. ಕೊಟ್ಟ ವಿಷಯದ ಪರವಾಗಿ ಬೆಳಿಗ್ಗೆ, ವಿರುದ್ಧವಾಗಿ ಮಧ್ಯಾಹ್ನ ಮಾತಾಡಿ ಎರಡಕ್ಕೂ ಸ್ಟೀಲ್ ಲೋಟ ಗೆದ್ದುಕೊಂಡು ಬಂದವಳು. ‘ಮೂಢನಂಬಿಕೆ ತೊಲಗಬೇಕು’ ಎಂಬ ವಿಷಯ ಕೊಟ್ಟರಂತೂ ಎದುರು ಕಡೆಯವರು ಹೆಸರು ವಾಪಸು ತೆಗೆದುಕೊಳ್ಳುತ್ತಿದ್ದರು. ಅಂಥ ನನಗೆ ಈ ಒಂದು ಪ್ರಕರಣದಲ್ಲಿ ಪರ ಯಾವುದು, ವಿರೋಧ ಯಾವುದು ಎಂದು ಇವತ್ತಿಗೂ ತಿಳಿದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಇಡುತ್ತೇನೆ. ತೀರ್ಪು ನೀವು ಕೊಡಿ. ಲೋಟ ಯಾರಿಗಾದರೂ ಹೋಗಲಿ.

ಅತ್ತೆಮ್ಮ ನಮ್ಮಪ್ಪನ ಅಕ್ಕ. ಎನ್.ಆರ್.ಪುರದ ದಾರಿಯ ಕಡಹಿನಬೈಲಿಗೆ ಕೊಟ್ಟದ್ದು. ಅವರ ಗಂಡ, ನಮ್ಮ ಮಾವಯ್ಯ, ಬಾಡಿಗೆ ಜೀಪು ಇಟ್ಟವರು. ಕೊಪ್ಪದ ಸ್ಟ್ಯಾಂಡಿನಿಂದ ಯಾತ್ರಿಕರನ್ನು ಶೃಂಗೇರಿಗೆ ಕರೆದುಕೊಂಡು ಹೋಗಿ ಬಿಟ್ಟು, ಸಂಜೆ ಖಾಲಿ ಜೀಪಿನಲ್ಲಿ ಮನೆಗೆ ಬರುವವರು. ಮಾವಯ್ಯ ಮಾತಾಡುವುದಿಲ್ಲ. ಅವರ ಪಾಲಿನ ಮಾತನ್ನೂ ಸೇರಿಸಿ ಅತ್ತೆಮ್ಮನೇ ಆಡುತ್ತಾರೆ.

ಅತ್ತೆಮ್ಮನಿಗೆ ಡ್ರೈವಿಂಗ್ ಬರುವುದಿಲ್ಲ. ಆದರೆ ಅವರಷ್ಟು ಡ್ರೈವಿಂಗ್ ಮಾಡಿದವರು ಜಿಲ್ಲೆಯಲ್ಲೇ ಇಲ್ಲ! ಮಾವಯ್ಯನ ಎಡಗಡೆ ಕೂತು, ಪ್ರತಿ ತಿರುವಿನಲ್ಲೂ ಬಲಗಾಲನ್ನು ನೆಲಕ್ಕೆ ಒತ್ತಿ, ಇಲ್ಲದ ಬ್ರೇಕನ್ನು ಹಾಕಿ ಹಾಕಿ ಆ ಜಾಗದ ತಗಡು ತಗ್ಗು ಬಿದ್ದಿದೆ. ಮಳೆಗಾಲದಲ್ಲಿ ಅದರಲ್ಲಿ ನೀರು ನಿಲ್ಲುತ್ತದೆ.

ಮನೆಯೊಳಗೂ ಅವರದು ಅದೇ ಕಾನೂನು. ಅಡುಗೆಮನೆ ಬಾಗಿಲಲ್ಲಿ ಒಳಗೆ ಹೋಗುವವರು ಎಡ, ಹೊರಗೆ ಬರುವವರೂ ತಮ್ಮ ಎಡ. ಬಿಸಿ ಪಾತ್ರೆ ಹಿಡಿದವರು ಹಾರ್ನ್ ಮಾಡಬೇಕು. ಒಂದು ಮದುವೆಯಲ್ಲಿ ಪಾಯಸದ ಬಕೆಟ್ಟಿನವನು ಸಾರಿನವನನ್ನು ದಾಟಿ ಮುಂದೆ ಹೋದದ್ದಕ್ಕೆ ಪಂಕ್ತಿಯ ನಡುವೆ ನಿಲ್ಲಿಸಿ ಬೈದರು.

"ಎದುರು ಯಾರಿದ್ದಾರೆ ಅಂತ ನೋಡ್ದೆ ಓವರ್‌ಟೇಕ್ ಮಾಡ್ತೀಯಲ್ಲ ಮಾರಾಯ, ನಿಂಗೆ ಲೈಸೆನ್ಸ್ ಕೊಟ್ಟೋರು ಯಾರು?"

"ಭಟ್ರು," ಎಂದ ಅವನು ಪಾಪ, ಅಡುಗೆ ಗುತ್ತಿಗೆ ಹಿಡಿದವರ ಕಡೆ ಸೌಟು ತೋರಿಸಿ.

ಇದನ್ನೆಲ್ಲ ಕೇಳಿ ನೀವು ನಗುತ್ತೀರಿ. ನಾವೂ ನಗುತ್ತಿದ್ದೆವು. ಅತ್ತೆಮ್ಮ ಯಾಕೆ ಹೀಗಾದರು ಎಂದು ತಿಳಿಯಬೇಕಾದರೆ ಚೌಡಿ ತಿರುವನ್ನು ನೋಡಬೇಕು.

ಚೌಡಿ ಎಂದರೆ ನಮ್ಮ ಕಡೆ ಕಾಡಿನಂಚಿನಲ್ಲಿ, ರಸ್ತೆ ಬದಿಯಲ್ಲಿ ಕಲ್ಲಾಗಿ ಕೂತಿರುವ ದೇವತೆ. ಅವಳಿಗೆ ನೈವೇದ್ಯಕ್ಕೆ ಕೋಳಿ ಆಗುತ್ತದೆ, ಸಾರಾಯಿಯೂ ಆಗುತ್ತದೆ. ಕೊಪ್ಪದ ಕಡೆಯಿಂದ ಮನೆಗೆ ಬರುವಾಗ ಒಂದು ತಿರುವಿದೆ. ಎದುರಿನಿಂದ ಆನೆ ಬಂದರೂ ಮೂತಿಗೆ ಮೂತಿ ತಾಗಿದ ಮೇಲೆಯೇ ಗೊತ್ತಾಗಬೇಕು, ಅಂಥದ್ದು. ಅದರ ಬಲಬದಿಯ ಮಾವಿನ ಮರದ ಬುಡದಲ್ಲಿ ಚೌಡಿಯ ಕಲ್ಲು, ಕಲ್ಲಿನ ಮುಂದೆ ರಸ್ತೆಗೆ ಬಾಗಿದ ಹಾಗೆ ಒಂದು ಕಬ್ಬಿಣದ ಕಾಣಿಕೆ ಡಬ್ಬಿ.

ಬಲಬದಿ ಎಂಬುದನ್ನು ದಯವಿಟ್ಟು ನೆನಪಿಡಿ. ಡ್ರೈವರ್ ಕೂರುವುದೂ ಬಲಬದಿಯೇ. ಕಾಣಿಕೆ ಹಾಕದೆ ಹೋದರೆ ಮುಂದಿನ ಏರಿನಲ್ಲಿ ಗಾಡಿ ಕೆಡುತ್ತದೆ ಎಂಬುದು ನಂಬಿಕೆ. ಹಾಗಾಗಿ ಮನೆ ಕಡೆ ಹೊರಟ ಪ್ರತಿ ಡ್ರೈವರೂ ತಿರುವು ಬಂದ ಕೂಡಲೇ ಗಾಡಿಯನ್ನು ಎಡದಿಂದ ಪೂರಾ ಬಲಕ್ಕೆ ಎಳೆದು, ಕಿಟಕಿಯಿಂದ ಕೈ ಚಾಚಿ ಡಬ್ಬಿಗೆ ನಾಣ್ಯ ಹಾಕಿ, ಕಣ್ಣು ಮುಚ್ಚಿ ಕೈ ಮುಗಿದು, ಆಮೇಲೆ ಕಣ್ಣು ಬಿಟ್ಟು ಎಡಕ್ಕೆ ಬರುತ್ತಿದ್ದ. ಕುರುಡು ತಿರುವು, ರಾಂಗ್ ಸೈಡು, ಮುಚ್ಚಿದ ಕಣ್ಣು. ಇಷ್ಟು ಭಕ್ತಿ ಯಾವ ದೇವಸ್ಥಾನದಲ್ಲಿ ಸಿಗುತ್ತದೆ?

ಇಳಿದು ಹಾಕಬಹುದಲ್ಲ ಎಂದು ನೀವು ಕೇಳಬಹುದು. ಇಳಿಯುತ್ತಿದ್ದರು. ಇನ್ನೊಂದು ಕೆಲಸಕ್ಕೆ. ಆಗಿನ್ನೂ ಸಾರಾಯಿ ಪ್ಯಾಕೆಟ್ಟಿನ ಕಾಲ. ಸಂಜೆ ಬಾಡಿಗೆ ಮುಗಿಸಿದವರು ಗಾಡಿಯನ್ನು ಅಲ್ಲೇ ಬಲಕ್ಕೆ ನಿಲ್ಲಿಸಿ, ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಹರಿದು, ಕಲ್ಲಿನ ಮೇಲೆ ನಾಲ್ಕು ಹನಿ ಬಿಟ್ಟು, ಉಳಿದದ್ದನ್ನು ಪ್ರಸಾದವೆಂದು ಸ್ವೀಕರಿಸುತ್ತಿದ್ದರು. ತಾಯಿಗೆ ಹನಿ, ಮಗನಿಗೆ ಪ್ಯಾಕೆಟ್! ಕುಡಿಯುವುದು ತಪ್ಪು ಎಂದು ಯಾರಾದರೂ ಹೇಳಬಹುದು. ಪ್ರಸಾದ ಬೇಡ ಎಂದು ಯಾರು ಹೇಳುತ್ತಾರೆ?

ಈ ಭಕ್ತಮಂಡಳಿಯ ಹಿರಿಯ ಸದಸ್ಯರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಮಾವಯ್ಯ ದಿನವೂ ಪ್ರಸಾದ ತೆಗೆದುಕೊಂಡೇ ಮನೆಗೆ ಬರುತ್ತಿದ್ದರು. ಅತ್ತೆಮ್ಮ ಸಂಜೆಯಾದರೆ ಕೈಯಲ್ಲಿ ಯಾವ ಕೆಲಸವಿದ್ದರೂ ಬಿಟ್ಟು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ದೂರದಲ್ಲಿ ಜೀಪು ಗೇರು ಬದಲಿಸುವ ಸದ್ದು ಕೇಳಿದ ಮೇಲೆಯೇ ಅವರ ಬಾಯಿ ತೆರೆದುಕೊಳ್ಳುತ್ತಿದ್ದದ್ದು. ಆಮೇಲೆ ಮುಚ್ಚುತ್ತಿರಲಿಲ್ಲ, ಆ ಮಾತು ಬೇರೆ.

"ಎಡಗಡೆ ಬನ್ನಿ ಅಂತ ಎಷ್ಟು ಸಲ ಹೇಳೋದು? ಕುಡೀಲೇಬೇಕು ಅಂದ್ರೆ ಮನೆಗೆ ಬಂದು ಕುಡೀರಿ, ನಾನೇ ಲೋಟ ಕೊಡ್ತೀನಿ!"

ಮಾವಯ್ಯ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದರು. ಹೆಂಡತಿ ಹೇಳಿದ ಮಾತನ್ನು ಕೇಳಿಸಿಕೊಂಡ ಗುರುತು ಅವರ ಮುಖದ ಮೇಲೆ ನಾನಂತೂ ಕಂಡವಳಲ್ಲ.

ಹೀಗಿರುವಾಗ ಒಂದು ಸಂಜೆ, ಅತ್ತೆಮ್ಮನಿಗೆ ರವಿಕೆ ಹೊಲಿಯುತ್ತಿದ್ದ ಟೇಲರ್ ತೀರಿಹೋದರು. ಎನ್.ಆರ್.ಪುರದಿಂದ ಸ್ಕೂಟರಿನಲ್ಲಿ, ತಮ್ಮ ಪಾಡಿಗೆ ತಮ್ಮ ಎಡಗಡೆಯಲ್ಲಿ ಬರುತ್ತಿದ್ದರು. ಚೌಡಿ ತಿರುವಿನಲ್ಲಿ ಒಂದು ವ್ಯಾನು ಕಾಣಿಕೆ ಹಾಕಲು ಬಲಕ್ಕೆ ಬಂತು. ವ್ಯಾನಿನವನು ಕೊಪ್ಪದಲ್ಲೇ ಒಂದು ಸುತ್ತು ಪ್ರಸಾದ ಮುಗಿಸಿದ್ದ. ಟೇಲರ್ ಆಸ್ಪತ್ರೆ ತಲುಪಲಿಲ್ಲ. ಅತ್ತೆಮ್ಮನ ಒಂದು ಹಸಿರು ರವಿಕೆ, ಒಂದೇ ತೋಳು ಕೂಡಿಸಿದ್ದು, ಅವರ ಮಿಷನ್ನಿನ ಮೇಲೆ ಹಾಗೇ ಉಳಿಯಿತು.

ಊರಿನವರು ಏನು ತೀರ್ಮಾನ ಮಾಡಿದರು ಗೊತ್ತೇ? ಚೌಡಿಗೆ ಸಿಟ್ಟು ಬಂದಿದೆ, ಕಾಣಿಕೆ ಸಾಕಾಗುತ್ತಿಲ್ಲ! ಅದುವರೆಗೆ ಓಡುವ ಗಾಡಿಯಿಂದಲೇ ನಾಣ್ಯ ಎಸೆಯುತ್ತಿದ್ದ ಬಸ್ಸಿನವರೂ ಬಲಕ್ಕೆ ಎಳೆದು ನಿಲ್ಲಿಸಿ ಹಾಕತೊಡಗಿದರು. ರೋಗವನ್ನೇ ಔಷಧಿ ಮಾಡಿಕೊಂಡು ಕುಡಿಯುವವರ ಎದುರು ಯಾವ ವಾದ ನಡೆಯುತ್ತದೆ?

ಅತ್ತೆಮ್ಮ ಮೊದಲು ಠಾಣೆಗೆ ಹೋದರು. ನಾನೂ ಜೊತೆಗಿದ್ದೆ, ವಕೀಲೆಯ ಗತ್ತಿನಲ್ಲಿ.

"ಯಾರ ಮೇಲಮ್ಮ ಕಂಪ್ಲೇಂಟು?" ಎಂದರು ದಫೇದಾರರು.

"ಡಬ್ಬಿ ಮೇಲೆ. ಅದು ರಾಂಗ್ ಸೈಡಲ್ಲಿ ಕೂತಿದೆ."

ದಫೇದಾರರು ಪೆನ್ನು ಕೆಳಗಿಟ್ಟರು. "ಅಮ್ಮ, ರಸ್ತೆ ಆಗೋಕೆ ಮುಂಚೆಯಿಂದ ಚೌಡಿ ಅಲ್ಲೇ ಇದಾಳೆ. ಕಾನೂನು ಪ್ರಕಾರ ನೋಡಿದ್ರೆ ರಸ್ತೆನೇ ರಾಂಗ್ ಸೈಡಲ್ಲಿದೆ."

ನಿಜ ಹೇಳುತ್ತೇನೆ, ಅಷ್ಟು ಒಳ್ಳೆಯ ಪ್ರತಿವಾದವನ್ನು ನಾನು ಯಾವ ಅಂತರ ಕಾಲೇಜು ಸ್ಪರ್ಧೆಯಲ್ಲೂ ಕೇಳಿರಲಿಲ್ಲ. ಎದ್ದು ಬಂದೆವು.

ಚೌಡಿಯ ಪೂಜಾರಿಯನ್ನು ಕೇಳಿದರೆ ಕಲ್ಲನ್ನಾಗಲಿ ಡಬ್ಬಿಯನ್ನಾಗಲಿ ಅಲ್ಲಾಡಿಸುವ ಹಾಗಿಲ್ಲ ಎಂದರು. ಅತ್ತೆಮ್ಮ ಯೋಚಿಸಿದರು. ಅಲ್ಲಾಡಿಸಬಾರದು ಅಷ್ಟೇ ತಾನೆ? ಇನ್ನೊಂದು ಡಬ್ಬಿ ಇಡಬಾರದು ಎಂದಿಲ್ಲವಲ್ಲ! ಒಂದು ದೊಡ್ಡ ಡಾಲ್ಡಾ ಡಬ್ಬಿಗೆ ಕುಂಕುಮ ಬಳಿದು, ಮುಚ್ಚಳದಲ್ಲಿ ಸೀಳು ಮಾಡಿಸಿ, ರಸ್ತೆಯ ಆಚೆ ಬದಿಗೆ ಕಂಬ ನೆಟ್ಟು ಕಟ್ಟಿಸಿದರು. ಮನೆಗೆ ಹೋಗುವವರು ಇನ್ನು ಎಡಗಡೆಯಲ್ಲೇ ಇದ್ದು ಎಡಗಡೆಯ ಡಬ್ಬಿಗೆ ಹಾಕಲಿ, ಪಕ್ಕದಲ್ಲಿ ಕೂತವರು ಕೈ ಚಾಚಲಿ. ಎಂಥ ಸರಳ ಉಪಾಯ! ನಾನೇ ಚಪ್ಪಾಳೆ ತಟ್ಟಿದ್ದೆ.

ಆದದ್ದೇನು? ಮನೆಗೆ ಹೋಗುವವರು, ಅಸಲಿ ಚೌಡಿ ಇರುವುದು ಬಲಕ್ಕೇ ಎಂದು ಮೊದಲಿನ ಹಾಗೆಯೇ ಬಲಕ್ಕೆ ಹೋದರು. ಇತ್ತ ಎನ್.ಆರ್.ಪುರದಿಂದ ಕೊಪ್ಪಕ್ಕೆ ಬರುವವರಿಗೆ ಅದುವರೆಗೆ ಚೌಡಿ ಎಡಕ್ಕಿದ್ದಳು, ಡ್ರೈವರನ ಕೈ ನಿಲುಕುತ್ತಿರಲಿಲ್ಲ, ಪಾಪ ಅವರು ತಮ್ಮ ದಾರಿಯಲ್ಲಿ ಸರಿಯಾಗಿ ಬರುತ್ತಿದ್ದರು. ಈಗ ಅವರ ಬಲಕ್ಕೂ ಒಂದು ಡಬ್ಬಿ ಬಂತಲ್ಲ! ಕಿಟಕಿಯಿಂದ ಕೈ ಚಾಚಲು ಅವರೂ ಬಲಕ್ಕೆ ಎಳೆಯತೊಡಗಿದರು. ಒಂದು ಕಡೆಯವರು ಮಾತ್ರ ರಾಂಗ್ ಸೈಡಿನಲ್ಲಿ ಹೋಗುತ್ತಿದ್ದ ರಸ್ತೆಯಲ್ಲಿ ಅತ್ತೆಮ್ಮನ ಸುಧಾರಣೆಯಿಂದ ಎರಡೂ ಕಡೆಯವರು ರಾಂಗ್ ಸೈಡಿನಲ್ಲಿ ಹೋಗುವಂತಾಯಿತು. ಇಡೀ ತಿರುವಿಗೆ ತಿರುವೇ ಅಮೆರಿಕದ ರಸ್ತೆಯಾಯಿತು! ಡಾಲ್ಡಾ ಡಬ್ಬಿಯನ್ನು ಮಾರನೆಯ ವಾರವೇ ಬಿಚ್ಚಿ ತಂದದ್ದಾಯಿತು. ಅದರಲ್ಲಿ ಈಗ ಹುಣಸೆಹಣ್ಣಿದೆ.

ರಸ್ತೆ ಕೈಬಿಟ್ಟಿತು, ಇನ್ನು ಕುಡಿತವನ್ನೇ ಹಿಡಿಯುತ್ತೇನೆ ಎಂದು ಹೊರಟರು. ಕೊಪ್ಪದ ಪಕ್ಕದ ನಾರ್ವೆ ಎಂಬ ಊರಿನಲ್ಲಿ ಒಂದು ಬೀಗರೂಟ. ಬೀಗರೂಟವೆಂದರೆ ಬಾಡೂಟ, ಬಾಡೂಟವೆಂದರೆ ಹಿತ್ತಲಿನಲ್ಲಿ ಬಾಟಲಿ. ಅತ್ತೆಮ್ಮ ಚಪ್ಪರದ ಬಾಗಿಲಲ್ಲಿ ಎಲೆಅಡಿಕೆಯ ಹರಿವಾಣ ಹಿಡಿದು ನಿಂತರು. ಬಂದ ಡ್ರೈವರುಗಳೆಲ್ಲ ಗಾಡಿಯ ಕೀ ಅದರಲ್ಲಿ ಹಾಕಬೇಕು. ಎಲೆಅಡಿಕೆಯ ಹರಿವಾಣ ಮುಂದೆ ಹಿಡಿದರೆ ಬೇಡ ಎನ್ನುವ ಮರ್ಯಾದಸ್ಥ ನಮ್ಮ ಕಡೆ ಇಲ್ಲ. ಎಲ್ಲರೂ ಹಾಕಿದರು. ವಾಪಸು ಬೇಕಾದರೆ? ಅತ್ತೆಮ್ಮನ ಎದುರು ನಿಂತು ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಅವರ ಕೈಗೆ ಕೊಡಬೇಕು. ಅವರು ಅಗಿಯುತ್ತಾರೆ. ಕುಡಿದವನ ಕೈ ಸುಣ್ಣ ಹೆಚ್ಚು ಸವರುತ್ತದೆ ಎಂಬುದು ಅವರ ಸಿದ್ಧಾಂತ. ಬಾಯಿ ಸುಟ್ಟರೆ ಕೀ ಇಲ್ಲ!

"ಅತ್ತೆಮ್ಮ, ಪೊಲೀಸರ ಮಿಷನ್ನಿಗೆ ಊದಿದ್ರೆ ಮಿಷನ್ನಿಗೆ ಎಂತ ಆಗಲ್ಲ. ಇದು ನಿಮ್ಮ ನಾಲಿಗೆ," ಎಂದೆ.

"ಇರ್ಲಿ ಬಿಡೆ. ನಾಲಿಗೆ ಬೆಳೀತದೆ. ತಲೆ ಬೆಳೀತದಾ?"

ಪರೀಕ್ಷೆಯ ಫಲಿತಾಂಶ ಹೀಗಿತ್ತು: ಗಂಡಿನ ಸೋದರಮಾವ, ಜೀವಮಾನದಲ್ಲಿ ಹನಿ ಮುಟ್ಟದವರು, ಸುಣ್ಣ ಮಾತ್ರ ಧಾರಾಳವಾಗಿ ಹಚ್ಚುವವರು, ಅನುತ್ತೀರ್ಣರಾಗಿ ಆ ದಿನ ನಾರ್ವೆಯಲ್ಲೇ ಉಳಿದರು. ಹಿತ್ತಲಿನಿಂದ ತೂರಾಡುತ್ತಾ ಬಂದ ಲಾರಿಯವನೊಬ್ಬ, ಕಣ್ಣು ಬಿಡಲಾಗದಿದ್ದರೂ, ಎಲೆಯ ನಾರು ತೆಗೆದು, ಮುತ್ತಿನಷ್ಟೇ ಸುಣ್ಣ ಇಟ್ಟು, ಇಷ್ಟು ಚೆಂದದ ವೀಳ್ಯ ಕಟ್ಟಿಕೊಟ್ಟ ಎಂದರೆ ಅತ್ತೆಮ್ಮ ಅಗಿಯುತ್ತಾ ಅಗಿಯುತ್ತಾ ಕೀ ಕೊಟ್ಟೇಬಿಟ್ಟರು! ಪುಣ್ಯಕ್ಕೆ ಅವನಿಗೆ ಲಾರಿ ಎಲ್ಲಿ ನಿಲ್ಲಿಸಿದ್ದೇನೆಂದು ನೆನಪಾಗಲಿಲ್ಲ. ಅತ್ತೆಮ್ಮ ಮೂರ್ನಾಲ್ಕು ದಿನ ಗಂಜಿ ಬಿಟ್ಟು ಬೇರೇನೂ ತಿನ್ನಲಾಗದೆ ಸುಮ್ಮನಿದ್ದರು. ಆ ದಿನಗಳಲ್ಲಿ ಗೇಟಿನ ಹತ್ತಿರ ನಿಂತವರ ಬಾಯಿ ಜೀಪು ಬಂದ ಮೇಲೂ ತೆರೆಯಲಿಲ್ಲ. ಮಾವಯ್ಯ ಆಗೊಂದು ಸಂಜೆ ಅವರನ್ನು ತಿರುಗಿ ನೋಡಿದರು.

ಇಷ್ಟಾದ ಮೇಲೆ ಬಂದದ್ದು ಚೌಡಿಯ ವರ್ಷದ ಪೂಜೆ.

ಜಾತ್ರೆ ಗೀತ್ರೆ ಅಲ್ಲ. ಸುತ್ತಿನ ಡ್ರೈವರುಗಳು, ಜೀಪಿನ ಮಾಲೀಕರು ಸೇರಿ ಕೋಳಿ ಕೊಟ್ಟು, ಅಲ್ಲೇ ಒಲೆ ಹೂಡಿ, ಮಧ್ಯಾಹ್ನ ಊಟ ಮಾಡಿ ಹೋಗುವ ಕಾರ್ಯಕ್ರಮ. ಇಷ್ಟು ಜನ ಡ್ರೈವರುಗಳು ಒಂದೇ ಕಡೆ, ಗಾಡಿಯ ಹೊರಗೆ, ಸಿಗುವುದು ವರ್ಷಕ್ಕೆ ಅದೊಂದೇ ದಿನ. ಭಾಷಣ ಮಾಡುತ್ತೇನೆ ಎಂದರು ಅತ್ತೆಮ್ಮ. ಬರೆದುಕೊಟ್ಟವಳು ನಾನು. ‘ಮಾನ್ಯ ವಾಹನ ಚಾಲಕ ಬಾಂಧವರೇ’ ಎಂದು ಶುರುವಾಗಿ, ಅಂಕಿ ಅಂಶ, ಕಾನೂನು, ಸಂವಿಧಾನ ಎಲ್ಲ ಮುಟ್ಟಿ, ‘ಎಡವೇ ನಮ್ಮ ನಡೆ’ ಎಂದು ಮುಗಿಯುವ ಅದ್ಭುತ ಭಾಷಣ ಅದು.

ಅತ್ತೆಮ್ಮ ಆ ಹಸಿರು ರವಿಕೆ ಹಾಕಿಕೊಂಡು ಬಂದರು. ಟೇಲರ್ ಹೆಂಡತಿ ಗಂಡನ ಮಿಷನ್ನಿನಲ್ಲಿ ಹೊಲಿಗೆ ಕಲಿಯುತ್ತಾ, ಉಳಿದ ತೋಳನ್ನು ತಾವೇ ಕೂಡಿಸಿ ಕೊಟ್ಟಿದ್ದರು. ಒಂದು ತೋಳು ಸರಿಯಾಗಿ ಕೂತಿತ್ತು, ಇನ್ನೊಂದು ಬಿಗಿದು ಹಿಡಿದಿತ್ತು. ಎಲ್ಲರಿಗೂ ಕಾಣಲಿ ಎಂದು ಮಾವಿನ ಮರದ ಉಬ್ಬಿದ ಬೇರಿನ ಮೇಲೆ ಬರಿಗಾಲಲ್ಲಿ ಹತ್ತಿ ನಿಂತು, "ಮಾನ್ಯ ವಾಹನ ಚಾಲಕ ಬಾಂಧವರೇ," ಎಂದರು.

ಯಾರೂ ಕೇಳಲಿಲ್ಲ. ಕೋಳಿಸಾರು ಕುದಿಯುತ್ತಿತ್ತು. ಒಬ್ಬ ಬಂದು, "ಅಮ್ಮ, ಸ್ವಲ್ಪ ಆಚೆ ನಿಲ್ಲಿ, ಸೌದೆ ತೆಗೀಬೇಕು," ಎಂದ. ಇನ್ನೊಬ್ಬ ಹಿಂದಿನಿಂದ, "ಬಾಂಧವರು ಅಂದ್ರೆ ಯಾರು ಮಾರಾಯ?" ಎಂದು ಕೇಳಿದ. ಅತ್ತೆಮ್ಮ ಸಂವಿಧಾನಕ್ಕೆ ಬರುವ ಹೊತ್ತಿಗೆ ನಾನೇ ಆಕಳಿಸುತ್ತಿದ್ದೆ.

ಆಗ ಆದದ್ದು ಇದು, ನಾನು ಕಣ್ಣಾರೆ ಕಂಡದ್ದು. ಮಾವಿನ ಮರ ಎಂದ ಮೇಲೆ ಚಗಳಿ ಇರುವೆ ಇರುತ್ತದೆ. ಎಲೆಗಳನ್ನು ಹೆಣೆದು ಗೂಡು ಕಟ್ಟಿ, ಸಾಲು ಹಿಡಿದು ಕಾಂಡದಲ್ಲಿ ಓಡಾಡುವ ಕೆಂಪು ಇರುವೆ. ಕಚ್ಚಿದರೆ ಬಿಡುವ ಜಾತಿಯಲ್ಲ. ಅತ್ತೆಮ್ಮ ನಿಂತದ್ದು ಸರಿಯಾಗಿ ಆ ಸಾಲಿನ ಮೇಲೆ.

ಮೊದಲು ಅವರ ದನಿ ನಿಂತಿತು. ಆಮೇಲೆ ಕಾಲು ನಡುಗಿತು. ಆಮೇಲೆ ಇಡೀ ಮೈ ನಡುಗಿತು. "ಅಯ್ಯಯ್ಯಯ್ಯಯ್ಯೋ!" ಎಂದು ಒಂದು ಕೂಗು ಹಾಕಿ, ಬೇರಿನ ಮೇಲೆಯೇ ಕಾಲು ಕುಟ್ಟಿ ಕುಣಿದರು. ನನ್ನ ಭಾಷಣ ಒಲೆಗೆ ಹಾರಿತು. ತುರುಬು ಬಿಚ್ಚಿತು.

"ಬಂದ್ಳು!" ಎಂದು ಪೂಜಾರಿ ಎದ್ದುನಿಂತರು. "ತಾಯಿ ಬಂದ್ಳು! ಡೋಲು ಹೊಡೀರೋ!"

ಡೋಲು ಹೊಡೆದರು. ಅರಿಶಿನದ ನೀರು ಎರಚಿದರು. ಸೌಟು ಹಿಡಿದವರು ಸೌಟು ಹಿಡಿದುಕೊಂಡೇ ಕೈಮುಗಿದರು. ಅರ್ಧ ನಿಮಿಷದ ಹಿಂದೆ ಸೌದೆಗೆ ಅಡ್ಡವಾಗಿದ್ದ ಹೆಂಗಸಿನ ಎದುರು ಇಡೀ ಸ್ಟ್ಯಾಂಡಿನ ಡ್ರೈವರುಗಳು ತಲೆ ತಗ್ಗಿಸಿ ನಿಂತರು.

"ಎಂತ ಆಗ್ಬೇಕು ತಾಯಿ? ಎಂತ ತಪ್ಪಾಯ್ತು ನಮ್ಮಿಂದ?"

ಅತ್ತೆಮ್ಮ ನನ್ನ ಕಡೆ ನೋಡಿದರು. ಅದು ದೇವಿಯ ನೋಟವಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದಾಗ ನೋಡುವ ನೋಟ. ನಾನು ಬೇಡ ಬೇಡ ಎಂದು ತಲೆಯಾಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು.

"ಎಡಕ್ಕೆ ಹೋಗ್ರೋ!"

"ಎಂತದು ತಾಯಿ?"

"ಎಡಕ್ಕೆ! ಲೆಫ್ಟಿಗೆ! ನನ್ನ ಮೇಲೆ ಎಂತಕ್ಕೆ ಗಾಡಿ ನುಗ್ಗಿಸ್ತೀರಿ? ಕಾಣಿಕೆ ಹಾಕೋದಾದ್ರೆ ಗಾಡಿ ಎಡಕ್ಕೆ ನಿಲ್ಸಿ, ಇಳಿದು, ನಡೆದು ಬಂದು ಹಾಕಿ! ಇಲ್ಲಾಂದ್ರೆ ಬೇಡ, ನಂಗೆ ನಿಮ್ಮ ಚಿಲ್ರೆ ಬೇಡ!"

ಹಿಂದಿನ ಸಾಲಿನಿಂದ ಒಂದು ಆತಂಕದ ದನಿ ಬಂತು. "ಮತ್ತೆ ಸಾರಾಯಿ, ತಾಯಿ?"

"ಬಿಟ್ಟಿದೀನಿ!"

ಜನ ಮುಖಮುಖ ನೋಡಿಕೊಂಡರು. ಚೌಡಿ ಕುಡಿತ ಬಿಟ್ಟ ಸುದ್ದಿ ಅಷ್ಟು ಸುಲಭಕ್ಕೆ ಅರಗುವುದೇ?

"ನಾನೇ ಬಿಟ್ಟ ಮೇಲೆ ನಿಮ್ಗೆ ಎಂತದು ಪ್ರಸಾದ? ಸ್ಟೇರಿಂಗ್ ಹಿಡಿಯೋ ದಿನ ಅದನ್ನ ಮುಟ್ಟಿದ್ರೆ ನಾನು ಸುಮ್ನಿರೋಳಲ್ಲ! ತಿರುವಲ್ಲಿ ಹಾರ್ನ್ ಹೊಡೀರಿ! ಕತ್ಲಾದ್ಮೇಲೆ ಎದುರು ಗಾಡಿ ಬಂದ್ರೆ ಡಿಮ್ ಮಾಡಿ!"

"ಅಲ್ಲ ಮಾರಾಯ, ಚೌಡಿಗೆ ಡಿಮ್ಮು ಡಿಪ್ಪು ಎಲ್ಲ ಗೊತ್ತುಂಟಾ?" ಎಂದು ನನ್ನ ಪಕ್ಕದವರು ಪಿಸುಗುಟ್ಟಿದರು. ಸಿಕ್ಕಿಬಿದ್ದರು ಎಂದುಕೊಂಡೆ.

"ಎಂತ ಮಾತಾಡ್ತೀಯ?" ಎಂದರು ಆಚೆಯವರು. "ಇಷ್ಟು ವರ್ಷ ರೋಡ್ ಸೈಡಲ್ಲೇ ಕೂತಿದಾಳೆ. ನೋಡಿ ನೋಡಿ ಅಷ್ಟೂ ಕಲಿಯಲ್ವಾ?"

ಆದರೂ ಯಾರೂ ಮುಂದೆ ಬರಲಿಲ್ಲ. ಒಪ್ಪಿಕೊಂಡರೆ ಇವತ್ತಿನಿಂದಲೇ ನಡೆದುಕೊಳ್ಳಬೇಕಲ್ಲ! ಡೋಲು ನಿಂತಿತು. ಅತ್ತೆಮ್ಮನ ನಡುಕ ಮಾತ್ರ ನಿಂತಿರಲಿಲ್ಲ. ಆಗ ಜೀಪಿಗೆ ಒರಗಿ ನಿಂತಿದ್ದ ಮಾವಯ್ಯ ಚಪ್ಪಲಿ ಬಿಟ್ಟು ಮುಂದೆ ಬಂದರು. ಬೇರಿನ ಹತ್ತಿರ ಮಂಡಿಯೂರಿ ಅತ್ತೆಮ್ಮನ ಕಾಲಿಗೆ ಹಣೆ ಮುಟ್ಟಿಸಿ, ಎಲ್ಲರಿಗೂ ಕೇಳುವ ಹಾಗೆ, "ತಪ್ಪಾಯ್ತು ತಾಯಿ. ಇನ್ನು ಮಾಡಲ್ಲ," ಎಂದರು. ಅವರು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪ್ರಸಾದದಲ್ಲಿ ಎಲ್ಲರಿಗಿಂತ ಹಿರಿಯರೇ ಬಿದ್ದ ಮೇಲೆ ಉಳಿದವರದೇನು? ಒಬ್ಬೊಬ್ಬರಾಗಿ ಎಲ್ಲರೂ ಬಿದ್ದರು. ಅತ್ತೆಮ್ಮ ಬೇರಿನಿಂದ ಇಳಿದು, ಕಲ್ಲಿನ ಪಕ್ಕ ಕುಸಿದು ಕೂತರು. ತಾಯಿ ಬಿಟ್ಟು ಹೋದಳು ಎಂದು ಪೂಜಾರಿ ಘೋಷಿಸಿದರು.

ಅಂದಿನಿಂದ ಆ ತಿರುವಿನಲ್ಲಿ ಗಾಡಿಗಳು ಎಡಕ್ಕೆ ಹೋಗುತ್ತವೆ. ಹಾರ್ನ್ ಹೊಡೆದು, ನಿಧಾನ ಮಾಡಿ, ಹೋಗುತ್ತವೆ. ಮೊದಮೊದಲು ಭಕ್ತಿ ಹೆಚ್ಚಾಗಿ ಕೆಲವರು ಎರಡೂ ಕೈ ಬಿಟ್ಟು ಮುಗಿಯುತ್ತಿದ್ದರು, ಅತ್ತೆಮ್ಮ ಜೀಪಿನಿಂದ ತಲೆ ಹೊರಗೆ ಹಾಕಿ, "ಕೈ ಸ್ಟೇರಿಂಗ್ ಮೇಲಿರ್ಲಿ!" ಎಂದು ಕಿರುಚಿದ ಮೇಲೆ ಅದೂ ನಿಂತಿತು. ಅಲ್ಲಿ ಆಮೇಲೆ ಯಾರೂ ಸತ್ತಿಲ್ಲ. ಆದರೆ ಸಾಯದೆ ಉಳಿದವರು ಯಾರು? ಅದನ್ನು ನಾನು ಹೇಗೆ ತೋರಿಸಲಿ? ಸತ್ತವರಿಗೆ ಹೆಸರಿದೆ, ಟೇಲರ್ ಎನ್ನಬಹುದು. ಆಗದೆ ಹೋದ ಅಪಘಾತವನ್ನು ಯಾವ ಠಾಣೆಯೂ ಬರೆದುಕೊಳ್ಳುವುದಿಲ್ಲ.

ಆದರೂ ನನಗೆ ತಡೆಯಲಾಗಲಿಲ್ಲ. ಸುಳ್ಳು ಸುಳ್ಳೇ ತಾನೆ? ಒಂದು ದಿನ ಅತ್ತೆಮ್ಮ ರೊಟ್ಟಿ ತಟ್ಟುತ್ತಿದ್ದಾಗ ಹೋಗಿ ಎದುರು ಕೂತೆ.

"ಅತ್ತೆಮ್ಮ, ಇದು ಮೋಸ. ಅದು ಚಗಳಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು."

"ನಾನು ಚೌಡಿ ಅಂತ ನಾನು ಹೇಳಿದ್ನಾ? ಅವ್ರು ಎಂತ ಆಗ್ಬೇಕು ಅಂತ ಕೇಳಿದ್ರು. ನಂಗೆ ಆಗ್ಬೇಕಾದ್ದನ್ನ ಹೇಳ್ದೆ."

"ತಾಯಿ ಅಂದಾಗ ನಾನಲ್ಲ ಅನ್ನಬೇಕಿತ್ತು."

"ಅಂದಿದ್ರೆ?"

ಅಂದಿದ್ದರೆ ಸೌದೆ ತೆಗೆಯುವವನು ಮತ್ತೆ ಆಚೆ ನಿಲ್ಲಿ ಎನ್ನುತ್ತಿದ್ದ. ಅತ್ತೆಮ್ಮ ರೊಟ್ಟಿ ಮಗುಚಿ ಹಾಕಿದರು. ಆಮೇಲೆ, ಅವರ ಗಂಟಲಿನಿಂದ ಬರಬಹುದೆಂದು ನಾನು ಎಣಿಸಿರದಷ್ಟು ಸಣ್ಣ ದನಿಯಲ್ಲಿ ಕೇಳಿದರು.

"ಅಲ್ವೇ, ನೀನು ದೇವರಿಲ್ಲ ಅಂತ ಸ್ಟೇಜ್ ಮೇಲೆ ಹೇಳ್ತೀಯಲ್ಲ. ಖಾತ್ರಿಯಾ?"

"ಯಾಕೆ?"

"ಎಂತ ಇಲ್ಲ. ಅವಳ ಹೆಸರಲ್ಲಿ ಮಾತಾಡ್ದೆ. ಸಿಟ್ಟು ಬಂದ್ರೆ ನನ್ನ ಮೇಲೆ ಬರ್ಲಿ, ಪರವಾಗಿಲ್ಲ. ದಿನಾ ಆ ತಿರುವಲ್ಲಿ ಬರೋರು ನಿನ್ನ ಮಾವಯ್ಯ, ಮಾರಾಯ್ತಿ."

ಆಗ ನೆನಪಾಯಿತು. ಪೂಜೆಯ ದಿನದ ನಂತರ ಅತ್ತೆಮ್ಮ ಚೌಡಿಯ ಕಲ್ಲಿನ ಹತ್ತಿರ ಹೋಗಿಯೇ ಇರಲಿಲ್ಲ. ರಸ್ತೆಯ ಆಚೆಯೇ ನಿಂತು, ಡಾಲ್ಡಾ ಡಬ್ಬಿಯ ಕಂಬವಿದ್ದ ಜಾಗದಿಂದ ಕೈ ಮುಗಿದು ಬರುತ್ತಿದ್ದರು. ದೇವರು ಇಲ್ಲದಿದ್ದರೆ ಅವರಿಗೆ ಭಯವಿಲ್ಲ. ದೇವರು ಇದ್ದರೆ ಡ್ರೈವರುಗಳಿಗೆ ಭಯವಿರುತ್ತದೆ. ಗಂಡ ಮನೆಗೆ ಬರಬೇಕಾದರೆ ಅವರಿಗೆ ಎರಡೂ ಬೇಕು! ಈ ವಿಷಯದ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲ ನಾನು, "ಗೊತ್ತಿಲ್ಲ ಅತ್ತೆಮ್ಮ," ಎಂದೆ. ಅವರು ನನ್ನ ತಟ್ಟೆಗೆ ಒಂದು ರೊಟ್ಟಿ ಹಾಕಿದರು.

ಇಷ್ಟನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಚೌಡಿ ಬಂದಿದ್ದಳು ಎನ್ನುವವರಿಗೆ ಚಗಳಿ ಎಂದು ಹೇಳಿದ್ದೇನೆ. ಎಲ್ಲ ನಾಟಕ ಎಂದು ನಕ್ಕ ಗೆಳತಿಯರಿಗೆ, ನಾಟಕವಾದರೆ ಆ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದ್ದೇನೆ. ಆದರೆ ಒಂದು ಸಾಕ್ಷ್ಯವನ್ನು ಎರಡೂ ಕಡೆಯವರಿಂದ ಮುಚ್ಚಿಟ್ಟಿದ್ದೇನೆ. ಅದು ಯಾವ ಕಡೆಗೂ ಸೇರುವುದಿಲ್ಲ.

ಮಾವಯ್ಯ ಮಂಡಿಯೂರಿದಾಗ ಅವರ ಬೆನ್ನಿಗೆ ಇಡೀ ಗುಂಪಿತ್ತು. ಪಕ್ಕದಲ್ಲಿದ್ದವಳು ನಾನೊಬ್ಬಳೇ. ಹಣೆ ಮುಟ್ಟಿಸುವ ಮೊದಲು ಅವರು ಅತ್ತೆಮ್ಮನ ಕಾಲನ್ನು ನೋಡಿದರು. ಕಣಕಾಲಿನವರೆಗೆ ಚಗಳಿ ಹತ್ತಿತ್ತು. ಮಾವಯ್ಯ ಅವಸರ ಮಾಡಲಿಲ್ಲ. ಅಂಗೈ ಅಡ್ಡ ಹಿಡಿದು, ಯಾರಿಗೂ ಕಾಣದ ಹಾಗೆ, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಸವರಿ ಸವರಿ ಇರುವೆಗಳನ್ನೆಲ್ಲ ಕೊಡವಿದರು. ಬೆರಳ ಸಂದಿಯಲ್ಲಿ ಕಚ್ಚಿ ಹಿಡಿದಿದ್ದನ್ನು ಉಗುರಿನಿಂದ ಬಿಡಿಸಿದರು. ಅವರ ಕೈಗೂ ಕಚ್ಚಿದವು, ಮುಷ್ಟಿ ಕಟ್ಟಿಕೊಂಡರು. ಆಮೇಲೆ ಹಣೆ ಇಟ್ಟು, ತಾಯಿ ಎಂದರು.

ಹೋದ ವಾರ ಕೊಪ್ಪದಿಂದ ಅವರ ಜೀಪಿನಲ್ಲಿ ಮನೆಗೆ ಹೊರಟಿದ್ದೆ. ಅತ್ತೆಮ್ಮನ ಜಾಗದಲ್ಲಿ, ಆ ತಗ್ಗು ಬಿದ್ದ ತಗಡಿನ ಮೇಲೆ ಕಾಲಿಟ್ಟು ಕೂತಿದ್ದೆ. ಜೀಪಿನಲ್ಲಿ ಸಾರಾಯಿಯ ವಾಸನೆ ಇರಲಿಲ್ಲ. ಚೌಡಿ ತಿರುವು ಬಂತು. ಮಾವಯ್ಯ ಹಾರ್ನ್ ಹೊಡೆದರು, ಗೇರು ಇಳಿಸಿದರು, ಎಡಕ್ಕೆ, ಇನ್ನೂ ಎಡಕ್ಕೆ ಒತ್ತಿಕೊಂಡು ಹೋದರು. ದೂರದ ಗೇಟಿಗೆ ಆ ಗೇರಿನ ಸದ್ದು ಕೇಳಿಸಿರಬೇಕು. ನಾನು ಕೇಳಿಯೇಬಿಟ್ಟೆ:

"ಮಾವಯ್ಯ, ಅವತ್ತು ನೀವು ಇರುವೆ ಕೊಡವಿದ ಕಾಲು ಯಾರದ್ದು? ಅತ್ತೆಮ್ಮಂದಾ, ಚೌಡಿದಾ?"